ಐದು ಮಾರ್ಕಿನ ಸ್ಟಾಂಪು

2010ರ ಸೆಪ್ಟೆಂಬರ್‌ನಲ್ಲಿ ಒಂದು ಬೆಳಗ್ಗೆ ನಮ್ಮನೆಯ ಪೇಪರ್ ಮಾತಾಡಿತು. ಅಪ್ಪ ಕಾಫಿ ಲೋಟ ಪಕ್ಕಕ್ಕಿಟ್ಟು ಇಂಗ್ಲಿಷ್ ಪೇಪರ್ ಬಿಡಿಸುತ್ತಿದ್ದ ಹಾಗೆ ಒಳಗಿಂದ ಯಾರದೋ ದನಿ ಶುರುವಾಯಿತು. ಅಪ್ಪ ಬೆಚ್ಚಿ ಮಡಚಿಬಿಟ್ಟರು. ದನಿ ನಿಂತಿತು. ಮತ್ತೆ ಬಿಡಿಸಿದರು, ಮತ್ತೆ ಶುರು. ಅಡುಗೆಮನೆಯಿಂದ ಅಮ್ಮ "ಬೆಳಬೆಳಗ್ಗೆ ರೇಡಿಯೋ ಯಾಕೆ ಹಾಕಿದ್ರಿ?" ಅಂತ ಕೇಳಿದಳು.

ಕೊನೇ ಪುಟಕ್ಕೆ ಪುಟ್ಟದೊಂದು ಕಪ್ಪು ಡಬ್ಬಿ ಅಂಟಿಸಿದ್ದರು. ಬೆಳಕು ಬಿದ್ದರೆ ಮಾತಾಡುವ ಚಿಪ್ ಅದರೊಳಗೆ. ಫೋಕ್ಸ್‌ವ್ಯಾಗನ್ ಕಂಪನಿಯ ವೆಂಟೋ ಕಾರಿನ ಜಾಹೀರಾತು ಅದು. ಆಗ ಆ ಕಾರು ಬೆಂಗಳೂರಿನ ರಸ್ತೆಗೆ ಹೊಸದು. ಹೆಸರು ಹೇಳೋಕೂ ನಮಗೆ ಬರುತ್ತಿರಲಿಲ್ಲ.

"ಯಾವ ದೇಶದ್ದಂತೆ?" ಅಂದಳು ಅಮ್ಮ.

"ಜರ್ಮನಿ."

"ಜರ್ಮನೀದಾ? ಹಾಗಾದ್ರೆ ಗಟ್ಟಿ ಇರತ್ತೆ ಬಿಡು."

ಅಮ್ಮ ಜರ್ಮನಿಯನ್ನು ನೋಡಿದವಳಲ್ಲ. ಆಗ ನಮ್ಮನೇಲಿ ಕಾರೂ ಇರಲಿಲ್ಲ. ಆದರೂ ಆ ಮಾತು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತು! ಒಂದು ಕಾರಣ ನನಗೆ ಗೊತ್ತು. ಅವಳ ಅಣ್ಣ ಆಡುಗೋಡಿಯ ಮೈಕೋದಲ್ಲಿ, ಅಂದರೆ ಜರ್ಮನಿಯ ಬಾಷ್ ಕಂಪನಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮಾವ ಊಟಕ್ಕೆ ಕೂತಾಗಲೂ ಅಳತೆಯ ಮಾತೇ ಆಡುತ್ತಿದ್ದರು. ಕೂದಲೆಳೆ ವ್ಯತ್ಯಾಸ ಬಂದರೂ ಪೀಸ್ ವಾಪಸ್, ಜರ್ಮನ್ನರು ಒಪ್ಪೋದೇ ಇಲ್ಲ ಅನ್ನುತ್ತಿದ್ದರು. ಬೆಂಗಳೂರಿನ ಎಷ್ಟೋ ಮನೆಗಳಿಗೆ ಜರ್ಮನಿ ಅಂದರೆ ಮೈಕೋ. ಆ ನಂಬಿಕೆಯ ಮೇಲೇ ಫೋಕ್ಸ್‌ವ್ಯಾಗನ್ ಕೂಡ ಬಂದು ಕೂತಿತು.

2017ರಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಫೋಕ್ಸ್‌ವ್ಯಾಗನ್ ಪೋಲೋ ತಗೊಂಡೆ. ಪೆಟ್ರೋಲ್ ಗಾಡಿ. ನೋಡೋಕೆ ಹೋದ ದಿನ ಬಾನೆಟ್ ಎತ್ತಿ ನೋಡುವಷ್ಟು ತಿಳಿವಳಿಕೆ ನನಗಿರಲಿಲ್ಲ. ಬಾಗಿಲು ತೆಗೆದೆ, ಹಾಕಿದೆ. ಧಪ್ ಅಂತ ಒಂದೇ ಸದ್ದು. ತಗಡಿನ ಸದ್ದಲ್ಲ. ಹಳೇ ಮನೆಯ ತೇಗದ ಬಾಗಿಲು ಕೂತ ಹಾಗೆ. ಇನ್ನೊಂದು ಸಲ ಹಾಕಿದೆ. ಅಷ್ಟಕ್ಕೇ ಮನಸ್ಸು ಸೋತಿತು. ಇವತ್ತಿಗೂ ಆ ಕಾರು ನನಗೆ ಇಷ್ಟ. ಇಷ್ಟವಾದದ್ದರಿಂದಲೇ ಅದನ್ನು ಮಾಡಿದವರ ಕಥೆ ಓದೋಕೆ ಕೂತೆ. ಓದುತ್ತಾ ಹೋದ ಹಾಗೆ ಅಮ್ಮನ 'ಗಟ್ಟಿ' ಅನ್ನುವ ಪದ ಮನಸ್ಸಿನಲ್ಲಿ ಭಾರವಾಗುತ್ತಾ ಬಂತು.

ಫೋಕ್ಸ್‌ವ್ಯಾಗನ್ ಅಂದರೆ ಜನರ ಕಾರು. ಹೆಸರು ಚೆನ್ನಾಗಿದೆ, ಅಲ್ವಾ? ಈ ಕನಸು ಹಿಟ್ಲರ್‌ನದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವನಿಗಿಂತ ಮೊದಲೇ ಯೋಸೆಫ್ ಗಾಂಟ್ಸ್ ಅನ್ನುವ ಯಹೂದಿ ಎಂಜಿನಿಯರ್ ತನ್ನ ಪತ್ರಿಕೆಯಲ್ಲಿ ಸಾಮಾನ್ಯರಿಗೊಂದು ಚಿಕ್ಕ, ಹಗುರ, ಅಗ್ಗದ ಕಾರು ಬೇಕು ಅಂತ ಮತ್ತೆ ಮತ್ತೆ ಬರೆದಿದ್ದ. 1933ರಲ್ಲಿ ನಾಜಿಗಳು ಅವನನ್ನು ಹಿಡಿದು ಜೈಲಿಗೆ ಹಾಕಿದರು. ಆಮೇಲೆ ಅವನು ದೇಶ ಬಿಟ್ಟು ಓಡಿಹೋಗಬೇಕಾಯಿತು. 1934ರಲ್ಲಿ ಜನರ ಕಾರಿನ ಕೆಲಸ ಫರ್ಡಿನಾಂಡ್ ಪೋರ್ಷೆ ಅನ್ನುವ ಎಂಜಿನಿಯರ್ ಕೈಗೆ ಬಂತು.

ಹಿಟ್ಲರ್ ಹೇಳಿದ ಬೆಲೆ 990 ಮಾರ್ಕ್, ಮಾರ್ಕ್ ಅಂದರೆ ಆಗಿನ ಜರ್ಮನಿಯ ನಾಣ್ಯ. ಆ ದುಡ್ಡಿಗೆ ಕಾರು ಮಾಡೋಕೆ ಬೇರೆ ಕಂಪನಿಗಳು ತಯಾರಿರಲಿಲ್ಲ. ಆಗ ನಾಜಿಗಳ ಕಾರ್ಮಿಕ ಸಂಘಟನೆ ಮುಂದೆ ಬಂತು. ನಿಜವಾದ ಕಾರ್ಮಿಕ ಸಂಘಗಳನ್ನು ಮುಚ್ಚಿಸಿ, ಅವುಗಳ ಆಸ್ತಿಯನ್ನೆಲ್ಲ ಕಿತ್ತುಕೊಂಡಿದ್ದು ಇದೇ ಸಂಘಟನೆ. ಆ ಹಣದಲ್ಲೇ ಕಾರ್ಖಾನೆ ಎದ್ದಿತು. 1938ರ ಮೇ 26ರಂದು ಹಿಟ್ಲರ್ ಬಂದು ಅಡಿಗಲ್ಲು ಹಾಕಿದ. ಕಾರಿಗೆ ಇಟ್ಟ ಹೆಸರು ಕೆಡಿಎಫ್ ವಾಗನ್. ಸಂತೋಷದಿಂದ ಶಕ್ತಿ ಅನ್ನುವುದು ಅದರ ಅರ್ಥ.

ಜನ ಈ ಕಾರನ್ನು ಕೊಳ್ಳುವ ದಾರಿ ಒಂದೇ. ವಾರಕ್ಕೆ ಕಡಿಮೆ ಅಂದರೂ ಐದು ಮಾರ್ಕ್ ಕೊಟ್ಟು ಸ್ಟಾಂಪು ತಗೋಬೇಕು. ಕಾರ್ಡಿನ ಮೇಲೆ ಅಂಟಿಸಬೇಕು. ಕಾರ್ಡು ತುಂಬಿದರೆ ಇನ್ನೊಂದು ಕಾರ್ಡು. ಎಲ್ಲಾ ತುಂಬಿದ ಮೇಲೆ ಕಾರು. ಕಟ್ಟಿದ ದುಡ್ಡಿಗೆ ಬಡ್ಡಿ ಇಲ್ಲ. ಮಧ್ಯದಲ್ಲಿ ಬಿಡುವ ಹಾಗೂ ಇಲ್ಲ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸುಮ್ನೆ ಕೂತೆ. ಇದು ನನಗೆ ಗೊತ್ತಿರುವ ಕಥೆ. ಇದು ಚೀಟಿ.

1998ರಲ್ಲಿ ನಾವು ತುಮಕೂರಿನಲ್ಲಿದ್ದಾಗ ಅಮ್ಮ ಒಂದು ಚೀಟಿ ಹಾಕಿದ್ದಳು. ತಿಂಗಳಿಗೆ ಐನೂರು, ಇಪ್ಪತ್ತು ತಿಂಗಳು. ಕೊನೆಯಲ್ಲಿ ಎತ್ತಿ ಫ್ರಿಜ್ ತರೋದು ಅಂತ ಲೆಕ್ಕ. ಚೀಟಿ ನಡೆಸುತ್ತಿದ್ದವರು ಅದೇ ಬೀದಿಯವರು, ಹಬ್ಬಕ್ಕೆ ಒಬ್ಬಟ್ಟು ಕೊಟ್ಟು ತಗೊಳ್ಳುವಷ್ಟು ಬಳಕೆ. ಅಮ್ಮ ಕಂತು ಕಟ್ಟಿ ಬರುವಾಗ ನಾನೂ ಜೊತೆಗಿರುತ್ತಿದ್ದೆ. ಉದ್ದನೆಯ ಪುಟ್ಟ ಪುಸ್ತಕ. ಒಂದು ಸಾಲಿಗೆ ತಾರೀಖು, ಮೊತ್ತ, ಸಹಿ. ಹದಿನಾಲ್ಕು ಸಹಿ ಬಿದ್ದಿತ್ತು. ಹದಿನೈದನೇ ತಿಂಗಳು ಹೋದಾಗ ಆ ಮನೆಗೆ ಬೀಗ. ಬಾಡಿಗೆಯನ್ನೂ ಬಾಕಿ ಇಟ್ಟು ರಾತ್ರೋರಾತ್ರಿ ಹೋಗಿದ್ದರು. ಆ ಪುಸ್ತಕ ಈಗಲೂ ಬೀರುವಿನಲ್ಲಿದೆ, ಅಮ್ಮನ ಮದುವೆ ಸೀರೆಯ ಕೆಳಗೆ. ಯಾಕೆ ಇಟ್ಟುಕೊಂಡಿದ್ದೀಯ ಅಂದರೆ "ಇರಲಿ, ಸಹಿ ಇದೆಯಲ್ಲ" ಅನ್ನುತ್ತಾಳೆ.

ಜರ್ಮನಿಯಲ್ಲಿ ಹೀಗೆ ಸ್ಟಾಂಪು ಅಂಟಿಸಿದವರು ಸುಮಾರು 3,36,000 ಜನ. ಸೇರಿದ ದುಡ್ಡು ಸುಮಾರು 28 ಕೋಟಿ ಮಾರ್ಕ್. 1939ರಲ್ಲಿ ಯುದ್ಧ ಶುರುವಾಯಿತು. ಕಾರ್ಖಾನೆ ಸೇನೆಯ ಗಾಡಿಗಳ ಕಡೆ ತಿರುಗಿತು. ಯುದ್ಧದ ಕಾಲದಲ್ಲಿ ಕೆಲವು ನೂರು ಕೆಡಿಎಫ್ ಕಾರು ಆಗಿದ್ದು ನಿಜ. ಅವೆಲ್ಲ ಹೋಗಿದ್ದು ಪಕ್ಷದ ದೊಡ್ಡವರಿಗೆ, ಅಧಿಕಾರಿಗಳಿಗೆ. ಸ್ಟಾಂಪು ಅಂಟಿಸಿದವರಲ್ಲಿ ಒಬ್ಬರಿಗೂ ಕಾರು ಸಿಗಲಿಲ್ಲ. ಒಬ್ಬರಿಗೂ.

ಯುದ್ಧದ ವರ್ಷಗಳ ಬಗ್ಗೆ ಇನ್ನೂ ಕಷ್ಟದ ಮಾತಿದೆ. ಆ ಕಾರ್ಖಾನೆಯಲ್ಲಿ ಸುಮಾರು 20,000 ಜನರನ್ನು ಬಲವಂತವಾಗಿ ದುಡಿಸಿದರು. ಪೋಲೆಂಡಿನವರು, ಸೋವಿಯತ್ ಒಕ್ಕೂಟದವರು, ಯುದ್ಧ ಕೈದಿಗಳು, ಕ್ಯಾಂಪುಗಳಿಂದ ತಂದ ಯಹೂದಿಗಳು. ಅಲ್ಲಿ ದುಡಿಯುತ್ತಿದ್ದ ಹೆಂಗಸರಿಗೆ ಹೆರಿಗೆಯಾದರೆ ಕೂಸನ್ನು ಕಿತ್ತುಕೊಂಡು ರ್‍ಯೂಯನ್ ಅನ್ನುವ ಊರಿನ ಶಿಶುಗೃಹದಲ್ಲಿ ಹಾಕುತ್ತಿದ್ದರು. ಅಲ್ಲಿ ಕೊಳೆ, ರೋಗ, ಅರೆಹೊಟ್ಟೆ. 300ಕ್ಕೂ ಹೆಚ್ಚು ಕೂಸುಗಳು ಸತ್ತವು. ಹೊಣೆ ಹೊತ್ತಿದ್ದ ಕಾರ್ಖಾನೆಯ ಡಾಕ್ಟರನ್ನು ಬ್ರಿಟಿಷರು ವಿಚಾರಣೆ ನಡೆಸಿ 1947ರಲ್ಲಿ ಗಲ್ಲಿಗೆ ಹಾಕಿದರು. ಕಂಪನಿಯೇ ಮುಂದೆ ಹಾನ್ಸ್ ಮೊಮ್ಸೆನ್ ಅನ್ನುವ ಇತಿಹಾಸಕಾರರಿಗೆ ಹೇಳಿ ಈ ವರ್ಷಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿಸಿತು. ಅದು ಹೊರಗೆ ಬಂದಿದ್ದು 1996ರಲ್ಲಿ. ಸತ್ಯ ಬರೆಸಿದ್ದು ದೊಡ್ಡ ಕೆಲಸ, ಅದನ್ನು ಒಪ್ಪುತ್ತೇನೆ. ಆದರೆ ಐವತ್ತು ವರ್ಷ ಕಾಯಬೇಕಿತ್ತಾ ಅನ್ನುವುದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

1945ರಲ್ಲಿ ಜರ್ಮನಿ ಸೋತಿತು. ಕಾರ್ಖಾನೆ ಇದ್ದ ಊರಿಗೆ ಪಕ್ಕದ ಕೋಟೆಯ ಹೆಸರು ಬಂತು, ವೊಲ್ಫ್ಸ್‌ಬುರ್ಗ್. ಬಾಂಬು ಬಿದ್ದು ಛಾವಣಿ ತೂತಾಗಿದ್ದ ಕಾರ್ಖಾನೆ ಬ್ರಿಟಿಷ್ ಸೇನೆಯ ಕೈಗೆ ಬಂತು. ಆಗಸ್ಟ್‌ನಲ್ಲಿ ಅಲ್ಲಿಗೆ ಬಂದವರು ಮೇಜರ್ ಐವನ್ ಹರ್ಸ್ಟ್. ಇನ್ನೂ ಮೂವತ್ತು ತುಂಬದ ಎಂಜಿನಿಯರ್. ಈ ಇಡೀ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ ಮನುಷ್ಯ ಇವರೇ.

ಬ್ರಿಟಿಷ್ ಕಾರು ಕಂಪನಿಗಳ ತಜ್ಞರು ಈ ಕಾರನ್ನು ನೋಡಿ ಮೂಗು ಮುರಿದಿದ್ದರು. ಸದ್ದು ಜಾಸ್ತಿ, ರೂಪ ಇಲ್ಲ, ಯಾರೂ ಕೊಳ್ಳಲ್ಲ ಅನ್ನುವುದು ಅವರ ತೀರ್ಮಾನ. ಯಂತ್ರಗಳನ್ನು ಕಿತ್ತು ಸಾಗಿಸುವ ಮಾತೂ ಇತ್ತು. ಹರ್ಸ್ಟ್ ಒಂದು ಕಾರಿಗೆ ಸೇನೆಯ ಖಾಕಿ ಬಣ್ಣ ಹೊಡೆಸಿ ಮೇಲಧಿಕಾರಿಗಳಿಗೆ ತೋರಿಸಿದರು. ಸೇನೆಗೆ ಓಡಾಡೋಕೆ ಗಾಡಿ ಬೇಕಿತ್ತು. 20,000 ಕಾರುಗಳಿಗೆ ಆರ್ಡರ್ ಸಿಕ್ಕಿತು. ಡಿಸೆಂಬರ್ ಕೊನೆಯಲ್ಲಿ ಕೆಲಸ ಶುರುವಾಗಿ, ಆ ವರ್ಷ ಮುಗಿಯುವಷ್ಟರಲ್ಲಿ 55 ಕಾರು ಹೊರಗೆ ಬಂದವು. ಕೆಲಸಗಾರರಿಗೆ ಹೊಟ್ಟೆಗೆ ಸಾಲದು. ಉಕ್ಕು ಸಿಗದಾಗ ಕಾರು ಕೊಟ್ಟು ಉಕ್ಕು ತಂದದ್ದೂ ಉಂಟು.

ಆದರೆ ಹರ್ಸ್ಟ್ ಮಾಡಿದ ನಿಜವಾದ ಕೆಲಸ ಬೇರೆಯೇ ಇದೆ. ಕಾರು ತಯಾರಾದ ಮೇಲೆ ಒಬ್ಬರು ಕೂತು ಪರೀಕ್ಷೆ ಮಾಡಬೇಕು, ಸರಿ ಇಲ್ಲದಿದ್ದರೆ ವಾಪಸ್ ಕಳಿಸಬೇಕು ಅಂತ ಪ್ರತ್ಯೇಕ ವಿಭಾಗ ಮಾಡಿದರು. ಗಾಡಿ ರಿಪೇರಿ ಕಲಿಸುವ ವ್ಯವಸ್ಥೆ ಮಾಡಿದರು. ಸ್ಪೇರ್ ಪಾರ್ಟ್ಸ್ ಸಿಗುವ ಹಾಗೆ ನೋಡಿಕೊಂಡರು. ಸೋತ ದೇಶದ ಮುರಿದ ಕಾರ್ಖಾನೆಯಲ್ಲಿ, ಗೆದ್ದ ದೇಶದ ಒಬ್ಬ ಸೈನಿಕ ಅಧಿಕಾರಿ, ಮುಂದೆ ಯಾರೋ ಕೊಳ್ಳುವ ಕಾರಿನ ನಟ್ಟು ಬಿಗಿಯಾಗಿದೆಯಾ ಅಂತ ನೋಡುತ್ತಿದ್ದರು. ಇದರಿಂದ ಅವರಿಗೆ ಒಂದು ಪೈಸೆ ಲಾಭ ಇರಲಿಲ್ಲ. 1949ರಲ್ಲಿ ಕಾರ್ಖಾನೆಯನ್ನು ಜರ್ಮನ್ನರಿಗೆ ಒಪ್ಪಿಸಿದರು. ಹರ್ಸ್ಟ್ ಕೂಡ ಅಲ್ಲಿಂದ ಹೊರಟರು.

1948ರಿಂದ ಕಾರ್ಖಾನೆ ನಡೆಸಿದ ಹೈನ್ರಿಷ್ ನೋರ್ಡ್‌ಹೋಫ್ ಅದೇ ದಾರಿ ಹಿಡಿದರು. ರೂಪ ಹಾಗೇ ಇರಲಿ, ಒಳಗಿನದ್ದನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಸರಿ ಮಾಡೋಣ ಅನ್ನುವುದು ಅವರ ಹಟ. ಆ ಗುಂಡು ಬೆನ್ನಿನ ಕಾರಿಗೆ ಜನ ಜೀರುಂಡೆ ಅಂತ ಹೆಸರಿಟ್ಟರು. ಜರ್ಮನ್ ಭಾಷೆಯಲ್ಲಿ ಕೇಫರ್, ಇಂಗ್ಲಿಷಿನಲ್ಲಿ ಬೀಟಲ್. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಎಂಜಿನ್ ತಣ್ಣಗಾಗೋದು ಬರೀ ಗಾಳಿಯಿಂದ. ರೇಡಿಯೇಟರ್ರೇ ಇಲ್ಲ. ಘಾಟಿ ಹತ್ತುವಾಗ ಹೊಗೆ ಎದ್ದು, ಬಾನೆಟ್ ತೆಗೆದು, ಕ್ಯಾನಿನಲ್ಲಿ ನೀರು ಸುರಿಯುತ್ತಾ ರಸ್ತೆ ಬದಿ ನಿಂತ ಅಂಬಾಸಿಡರ್‌ಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಚಳಿಯಲ್ಲಿ ಹೆಪ್ಪುಗಟ್ಟೋಕೆ ನೀರೇ ಇಲ್ಲ, ಬಿಸಿಲಲ್ಲಿ ಕುದಿಯೋಕೂ ಇಲ್ಲ.

1955ಕ್ಕೆ ಹತ್ತು ಲಕ್ಷ ಕಾರು. 1972ರಲ್ಲಿ, ಅತಿ ಹೆಚ್ಚು ತಯಾರಾದ ಕಾರು ಅನ್ನುವ ಫೋರ್ಡ್ ಮಾಡೆಲ್ ಟಿ ದಾಖಲೆಯನ್ನೂ ದಾಟಿತು. ಕೊನೆಯ ಜೀರುಂಡೆ ಹೊರಬಂದಿದ್ದು 2003ರಲ್ಲಿ, ಮೆಕ್ಸಿಕೋದ ಪುಯೆಬ್ಲಾ ಕಾರ್ಖಾನೆಯಿಂದ. ಒಟ್ಟು 2,15,29,464. ಆ ಕೊನೆಯ ಅಂಕಿಯವರೆಗೂ ಎಣಿಸಿಟ್ಟಿದ್ದಾರೆ, ಅದು ನನಗೆ ಖುಷಿ ಕೊಡುತ್ತದೆ.

1960ರಲ್ಲಿ ಅಮೆರಿಕದಲ್ಲಿ ಬಂದ ಒಂದು ಜಾಹೀರಾತು ಇಲ್ಲಿ ಹೇಳಲೇಬೇಕು. ಮಾಡಿದ್ದು ನ್ಯೂಯಾರ್ಕಿನ ಡಾಯ್ಲ್ ಡೇನ್ ಬರ್ನ್‌ಬಾಕ್ ಸಂಸ್ಥೆ. ಅದರ ಮುಖ್ಯಸ್ಥರಲ್ಲಿ, ಬರೆಯುವವರಲ್ಲಿ ಯಹೂದಿಗಳಿದ್ದರು. ಯುದ್ಧ ಮುಗಿದು ಹದಿನೈದು ವರ್ಷ ಅಷ್ಟೇ. ಚಿತ್ರದಲ್ಲಿ ಒಂದು ಜೀರುಂಡೆ ಕಾರು, ಕೆಳಗೆ ಒಂದೇ ಪದ: ನಿಂಬೆಹಣ್ಣು. ನಮ್ಮಲ್ಲಿ ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ, ದೃಷ್ಟಿ ಹೋಗಲಿ ಅಂತ. ಅಮೆರಿಕದಲ್ಲಿ ದೋಷ ಇರುವ, ಕೈಕೊಡುವ ಗಾಡಿಗೆ ನಿಂಬೆಹಣ್ಣು ಅನ್ನುತ್ತಾರೆ. ತನ್ನ ಕಾರಿಗೆ ತಾನೇ ಹಾಗಂತ ಯಾಕೆ ಬರೆದುಕೊಂಡಿತು? ಕೆಳಗೆ ವಿವರ ಇತ್ತು. ಡ್ಯಾಶ್‌ಬೋರ್ಡಿನ ಡಬ್ಬಿಯ ಮೇಲಿನ ಕ್ರೋಮ್ ಪಟ್ಟಿಯಲ್ಲಿ ಚಿಕ್ಕ ಕಲೆ. ಕುರ್ಟ್ ಕ್ರೋನರ್ ಅನ್ನುವ ಪರೀಕ್ಷಕರು ಅದನ್ನು ಹಿಡಿದರು. ಆ ಕಾರು ಹಡಗು ಹತ್ತಲಿಲ್ಲ. ವೊಲ್ಫ್ಸ್‌ಬುರ್ಗ್‌ನಲ್ಲಿ ಪರೀಕ್ಷೆ ಮಾಡೋಕಂತಲೇ 3,389 ಜನ ಇದ್ದಾರೆ ಅಂತಲೂ ಅದರಲ್ಲಿತ್ತು. ಮಾವ ಹೇಳುತ್ತಿದ್ದ ಮಾತಿಗೂ ಇದಕ್ಕೂ ಏನು ವ್ಯತ್ಯಾಸ? ಕಲೆ ಕಂಡರೆ ವಾಪಸ್. ಅಮ್ಮನ 'ಗಟ್ಟಿ' ಹುಟ್ಟಿದ್ದು ಇಂಥ ಕಣ್ಣುಗಳಿಂದ.

ಇದೇ ವರ್ಷಗಳಲ್ಲಿ ಸ್ಟಾಂಪು ಅಂಟಿಸಿದವರು ಕೋರ್ಟಿನಲ್ಲಿದ್ದರು. ನಮ್ಮ ದುಡ್ಡಿಗೆ ಕಾರು ಕೊಡಿ ಅಂತ. ಹೊಸ ಕಂಪನಿ ಹೇಳಿದ್ದು, ಆ ದುಡ್ಡು ನಮ್ಮ ಕೈಗೆ ಬಂದೇ ಇಲ್ಲ ಅಂತ. ಅದೂ ಸುಳ್ಳಲ್ಲ. ದುಡ್ಡು ಇದ್ದದ್ದು ಬರ್ಲಿನ್ ಬ್ಯಾಂಕಿನಲ್ಲಿ, ಯುದ್ಧದ ಕೊನೆಗೆ ಅದು ಸೋವಿಯತ್ ಸೇನೆಯ ಪಾಲಾಯಿತು. ಕೇಸು ವರ್ಷಗಟ್ಟಲೆ ನಡೆಯಿತು, ದೇಶದ ಅತಿ ದೊಡ್ಡ ಕೋರ್ಟಿನ ತನಕ ಹೋಯಿತು. 1961ರಲ್ಲಿ ರಾಜಿ. ಕಾರ್ಡು ತುಂಬಿದವರಿಗೆ ಹೊಸ ಕಾರಿನ ಮೇಲೆ 600 ಮಾರ್ಕ್ ರಿಯಾಯಿತಿ, ಬೇಡ ಅಂದರೆ ಕೈಗೆ 100 ಮಾರ್ಕ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಆ ಕಾರ್ಡುಗಳನ್ನು ಎತ್ತಿಟ್ಟುಕೊಂಡಿದ್ದರು. ಬಾಂಬು ಬಿದ್ದ ಊರುಗಳಲ್ಲಿ, ಮನೆ ಬದಲಾಯಿಸುತ್ತಾ. ಯಾವ ಸೀರೆಯ ಕೆಳಗೆ ಇಟ್ಟಿದ್ದರೋ.

ಮುಂದಿನ ಮೂವತ್ತು ವರ್ಷ ಬೇಗ ಹೇಳಿ ಮುಗಿಸುತ್ತೇನೆ. ಎಪ್ಪತ್ತರ ದಶಕದಲ್ಲಿ ಜೀರುಂಡೆ ಹಳೆಯದಾಗಿ ಕಂಪನಿ ಮುಳುಗುವ ಸ್ಥಿತಿಗೆ ಬಂತು, 1974ರ ಗಾಲ್ಫ್ ಕಾರು ಅದನ್ನು ಎತ್ತಿತು. ಆಡಿ ಮೊದಲೇ ಸೇರಿತ್ತು, ಸ್ಕೋಡಾ ಮತ್ತಿತರವು ಆಮೇಲೆ ಬಂದವು. ಪೋರ್ಷೆಯ ಮೊಮ್ಮಗ ಫರ್ಡಿನಾಂಡ್ ಪೀಎಖ್ 1993ರಲ್ಲಿ ಮುಖ್ಯಸ್ಥರಾದರು. ಬಾಗಿಲಿಗೂ ಬಾಡಿಗೂ ನಡುವಿನ ಸಂದು ಎಷ್ಟು ಮಿಲಿಮೀಟರ್ ಇರಬೇಕು ಅನ್ನುವುದರಲ್ಲಿ ಅವರದು ಉಕ್ಕಿನಂಥ ಹಟ. ನನ್ನ ಪೋಲೋದ 'ಧಪ್'ನಲ್ಲಿ ಅವರ ಪಾಲೂ ಇದೆ ಅಂದುಕೊಳ್ಳುತ್ತೇನೆ.

ಆ ಪೇಪರ್ ಮಾತಾಡಿ ಐದು ವರ್ಷಕ್ಕೆ, 2015ರ ಸೆಪ್ಟೆಂಬರ್ 18ರಂದು, ಅಮೆರಿಕದ ಪರಿಸರ ಇಲಾಖೆ ಫೋಕ್ಸ್‌ವ್ಯಾಗನ್‌ಗೆ ನೋಟಿಸ್ ಕೊಟ್ಟಿತು.

ಇದರ ಹಿಂದೆ ಇದ್ದದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಚಿಕ್ಕ ತಂಡ. ಡ್ಯಾನ್ ಕಾರ್ಡರ್ ಅದರ ಹಿರಿಯರು. ವಿದ್ಯಾರ್ಥಿಗಳಲ್ಲಿ ಒಬ್ಬರು ಹೇಮಂತ್ ಕಪ್ಪಣ್ಣ, ನಮ್ಮ ಬೆಂಗಳೂರಿನವರು. ಈ ಹೆಸರು ಓದಿದಾಗ ನನಗೆ ಎದೆ ತುಂಬಿ ಬಂತು. ಅವರು ಯಾರನ್ನೂ ಹಿಡಿಯೋಕೆ ಹೊರಟಿರಲಿಲ್ಲ. ಅಮೆರಿಕದಲ್ಲಿ ಮಾರುವ ಡೀಸೆಲ್ ಕಾರು ಎಷ್ಟು ಶುದ್ಧ ಇದೆ ನೋಡಿ, ಯುರೋಪಿನಲ್ಲೂ ಹೀಗೇ ಮಾಡಬಹುದು ಅಂತ ತೋರಿಸುವುದು ಆ ಅಧ್ಯಯನ ಮಾಡಿಸಿದವರ ಆಸೆ.

ಸಾಮಾನ್ಯವಾಗಿ ಹೊಗೆಯನ್ನು ಲ್ಯಾಬಿನಲ್ಲಿ ಅಳೆಯುತ್ತಾರೆ. ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಅಲ್ಲೇ ಇರುತ್ತದೆ. ಈ ತಂಡ ಅಳೆಯುವ ಯಂತ್ರವನ್ನೇ ಕಾರಿನೊಳಗೆ ತುಂಬಿಕೊಂಡು ರಸ್ತೆಗಿಳಿಯಿತು. ಸೈಲೆನ್ಸರ್‌ಗೆ ಕೊಳವೆ ಸಿಕ್ಕಿಸಿ, ಯಂತ್ರಕ್ಕೆ ಕರೆಂಟು ಬೇಕಲ್ಲ ಅಂತ ಚಿಕ್ಕ ಜನರೇಟರ್ ಕಟ್ಟಿಕೊಂಡು. ಅದು ಒದರುತ್ತಿತ್ತು, ಕೆಡುತ್ತಿತ್ತು, ರಿಪೇರಿ ಮಾಡಿ ಮುಂದೆ ಹೋಗುತ್ತಿದ್ದರು. ಲಾಸ್ ಏಂಜಲೀಸ್ ಸುತ್ತಮುತ್ತ ಓಡಿಸಿದರು. ಫೋಕ್ಸ್‌ವ್ಯಾಗನ್‌ನ ಒಂದು ಪಸ್ಸಾಟ್ ಕಾರನ್ನು ಅಲ್ಲಿಂದ ಸಿಯಾಟಲ್‌ವರೆಗೆ ಓಡಿಸಿ ವಾಪಸ್ ತಂದರು.

ಅಂಕಿ ನೋಡಿ ಮೊದಲು ತಮ್ಮ ಯಂತ್ರವೇ ತಪ್ಪಿರಬೇಕು ಅಂದುಕೊಂಡರು. ಡೀಸೆಲ್ ಎಂಜಿನ್ನಿನ ಬಿಸಿಗೆ ಗಾಳಿಯಲ್ಲಿರುವ ನೈಟ್ರೋಜನ್, ಆಮ್ಲಜನಕ ಸೇರಿ ಒಂದು ವಿಷಗಾಳಿ ಹುಟ್ಟುತ್ತದೆ. ಆಸ್ತಮಾ ಇರುವವರಿಗೆ, ಮಕ್ಕಳಿಗೆ ತುಂಬಾ ಕೆಟ್ಟದ್ದು. ಫೋಕ್ಸ್‌ವ್ಯಾಗನ್‌ನದೇ ಜೆಟ್ಟಾ ಕಾರು ರಸ್ತೆಯಲ್ಲಿ ಅದನ್ನು ಮಿತಿಗಿಂತ 15ರಿಂದ 35 ಪಟ್ಟು ಉಗುಳುತ್ತಿತ್ತು. ಪಸ್ಸಾಟ್ 5ರಿಂದ 20 ಪಟ್ಟು. ಜೊತೆಗೆ ಓಡಿಸಿದ ಬೇರೆ ಕಂಪನಿಯ ಕಾರು ಹೆಚ್ಚುಕಡಿಮೆ ಮಿತಿಯೊಳಗೇ ಇತ್ತು. ಅದೇ ಎರಡು ಕಾರು ಲ್ಯಾಬಿನ ರೋಲರ್ ಮೇಲೆ ನಿಂತರೆ ಅಪ್ಪಟ ಶುದ್ಧ.

ಕಾರಿನ ಸಾಫ್ಟ್‌ವೇರಿಗೆ ಗೊತ್ತಾಗುತ್ತಿತ್ತು. ಚಕ್ರ ಓಡುತ್ತಿದೆ, ಸ್ಟೀರಿಂಗ್ ಮಾತ್ರ ಅಲುಗುತ್ತಿಲ್ಲ. ಅಂದರೆ ಇದು ಪರೀಕ್ಷೆ. ತಕ್ಷಣ ಹೊಗೆ ಶುದ್ಧ ಮಾಡುವ ವ್ಯವಸ್ಥೆ ಪೂರ್ತಿ ಚಾಲೂ. ರಸ್ತೆಗೆ ಬಂದು ಸ್ಟೀರಿಂಗ್ ತಿರುಗಿತೋ, ಅದು ಹೆಚ್ಚುಕಡಿಮೆ ಬಂದ್. ಇದು ಯಾರದೋ ಅಜಾಗರೂಕತೆ ಅಲ್ಲ. ಒಬ್ಬ ಎಂಜಿನಿಯರ್ ಕೂತು, ಯೋಚನೆ ಮಾಡಿ, ಸಾಲು ಸಾಲಾಗಿ ಬರೆದದ್ದು. ಇನ್ನೊಬ್ಬರು ಓದಿ ಒಪ್ಪಿದ್ದು. ಕ್ರೋಮ್ ಪಟ್ಟಿಯ ಕಲೆ ಹಿಡಿದ ಊರಿನಲ್ಲಿ ಇದು ಯಾರ ಕಣ್ಣಿಗೂ ಬೀಳಲಿಲ್ಲ ಅಂತ ನಂಬೋದು ಹೇಗೆ?

ಅಧಿಕಾರಿಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ಕೇಳಿದರು, ಕಂಪನಿ ನೆಪ ಹೇಳುತ್ತಾ ಬಂತು. ಮುಂದಿನ ವರ್ಷದ ಕಾರುಗಳಿಗೆ ಅನುಮತಿಯೇ ಇಲ್ಲ ಅಂದಾಗ ಒಪ್ಪಿಕೊಂಡಿತು. ಜಗತ್ತಿನಲ್ಲಿ ಇಂಥ ಕಾರುಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ. ಐದೇ ದಿನಕ್ಕೆ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ರಾಜೀನಾಮೆ ಕೊಟ್ಟರು. ದಂಡ, ಪರಿಹಾರ ಎಲ್ಲಾ ಸೇರಿ ಕಂಪನಿಗೆ ಬಿದ್ದ ಹೊರೆ 3,000 ಕೋಟಿ ಯೂರೋಗೂ ಜಾಸ್ತಿ. ನಮ್ಮ ದೇಶದಲ್ಲಿ 3,23,700 ಕಾರುಗಳನ್ನು ಸರಿಪಡಿಸುವುದಾಗಿ ವಾಪಸ್ ಕರೆದರು. ಭಾರತದ ನಿಯಮ ಮುರಿದಿಲ್ಲ ಅನ್ನುವುದು ಕಂಪನಿಯ ವಾದ. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ಜರ್ಮನಿಯಲ್ಲಿ ಕಾರಿನ ಮಾಲೀಕರು ಮತ್ತೆ ಕೋರ್ಟಿಗೆ ಹೋದರು. ಲಕ್ಷಗಟ್ಟಲೆ ಜನ. 2020ರ ಮೇ 25ರಂದು ಅಲ್ಲಿನ ಅತಿ ದೊಡ್ಡ ಕೋರ್ಟ್, ಇದು ಬೇಕಂತಲೇ ಮಾಡಿದ ಮೋಸ, ಮಾಲೀಕರು ಕಾರು ವಾಪಸ್ ಕೊಟ್ಟು ದುಡ್ಡು ಕೇಳಬಹುದು, ಓಡಿಸಿದಷ್ಟಕ್ಕೆ ಕಳೆಯಬೇಕು ಅಂತ ತೀರ್ಪು ಕೊಟ್ಟಿತು. ಸ್ಟಾಂಪಿನವರ ಮಕ್ಕಳೋ ಮೊಮ್ಮಕ್ಕಳೋ ಈ ಗುಂಪಿನಲ್ಲೂ ಇದ್ದಿರಬಹುದು ಅಂತ ನನಗೆ ಅನಿಸುತ್ತಲೇ ಇರುತ್ತದೆ.

ನನ್ನದು ಪೆಟ್ರೋಲ್ ಗಾಡಿ, ಈ ಗಲಾಟೆಗೆ ಸೇರಿದ್ದಲ್ಲ. ಒಂದು ದಿನವೂ ಕೈಕೊಟ್ಟಿಲ್ಲ. ಹರ್ಸ್ಟ್ ನೆಟ್ಟದ್ದು ಇನ್ನೂ ಎಲ್ಲೋ ಜೀವಂತ ಇದೆ ಅಂತಲೇ ನಾನು ನಂಬಿದ್ದೇನೆ. ಆ ಕಾರ್ಖಾನೆಯಲ್ಲಿ ಬಾಗಿಲ ಸಂದು ಅಳೆಯುವವರು ಒಬ್ಬರು, ಸಾಫ್ಟ್‌ವೇರಿನಲ್ಲಿ ಸುಳ್ಳು ಬರೆಸಿದವರು ಇನ್ನೊಬ್ಬರು. ಸಿಟ್ಟು ಬರೋದು ಅದಕ್ಕೇ. ಎರಡನೆಯವರು ಖರ್ಚು ಮಾಡಿದ್ದು ಮೊದಲನೆಯವರು ಕೂಡಿಟ್ಟದ್ದನ್ನು.

ಹೋದ ತಿಂಗಳು ಎಮಿಷನ್ ಟೆಸ್ಟ್ ಮಾಡಿಸೋಕೆ ಪೆಟ್ರೋಲ್ ಬಂಕಿಗೆ ಹೋಗಿದ್ದೆ. ದೇವಸ್ಥಾನದಿಂದ ಬರುವಾಗ, ಹಾಗಾಗಿ ಅಮ್ಮನೂ ಜೊತೆಗಿದ್ದಳು. ಹುಡುಗ ಬಂದು "ಇಂಜಿನ್ ಆನ್ ಇರ್ಲಿ ಸಾರ್" ಅಂದ. ಸೈಲೆನ್ಸರ್ ಒಳಗೆ ಕೊಳವೆ ತೂರಿಸಿದ. ನಂಬರ್ ಪ್ಲೇಟಿನ ಫೋಟೋ ಹೊಡೆದ. ಅಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುತ್ತಿದ್ದಳು.

"ಓಡಿಸಿ ನೋಡಲ್ವೇನಪ್ಪಾ?"

"ಇಲ್ಲಮ್ಮ, ನಿಂತಲ್ಲೇ ನೋಡೋದು."

ಪ್ರಿಂಟರ್ ಕಿರ್ ಅಂದಿತು. ಹುಡುಗ ಹರಿದು ಕೊಟ್ಟ ಕಾಗದವನ್ನು ನನಗಿಂತ ಮೊದಲು ಅಮ್ಮನೇ ಕೈಚಾಚಿ ಇಸಿದುಕೊಂಡಳು. ಕನ್ನಡಕ ಹಾಕಿಕೊಂಡು ತಾರೀಖು ನೋಡಿದಳು, ಅಂಕಿ ನೋಡಿದಳು. ಆಮೇಲೆ ಸಹಿ ಎಲ್ಲಿದೆ ಅಂತ ಹಿಂದೆ ಮುಂದೆ ತಿರುಗಿಸಿ ಹುಡುಕಿದಳು.